ಫ್ರೀಬಿಎಸ್‌ಡಿಗೆ ವೈಫೈ: ಕಾರ್ಡ್ ಬದಲಿಸುವುದೋ, ಡಾಂಗಲ್ ಚುಚ್ಚುವುದೋ, ಪುಟ್ಟ ರೂಟರ್ ಇಡುವುದೋ?

ವಿಂಡೋಸ್, ಲಿನಕ್ಸ್‌ನಂತೆಯೇ ಒಂದು ಕಾರ್ಯಾಚರಣ ವ್ಯವಸ್ಥೆಯಾದ ಫ್ರೀಬಿಎಸ್‌ಡಿ ಹಾಕಿದ ಲ್ಯಾಪ್‌ಟಾಪ್ ಮೊದಲ ಸಲ ಎದ್ದಾಗ ಕೀಬೋರ್ಡ್, ಪರದೆ, ಟಚ್‌ಪ್ಯಾಡ್ ಎಲ್ಲವೂ ಮಾತು ಕೇಳುತ್ತವೆ. ವೈಫೈ ಮಾತ್ರ ಇದ್ದೂ ಇಲ್ಲದಂತೆ. ಸಾಮಾನ್ಯವಾಗಿ ಕಾರ್ಡ್ ಕೆಟ್ಟಿರುವುದಿಲ್ಲ. ಅದನ್ನು ಮಾತಾಡಿಸುವ ಡ್ರೈವರ್ ಇರುವುದಿಲ್ಲ, ಇಲ್ಲವೇ ಡ್ರೈವರ್ ಇದ್ದೂ ಕಾರ್ಡಿನೊಳಗೆ ತುಂಬಬೇಕಾದ ಫರ್ಮ್‌ವೇರ್ ಕಡತ ಇರುವುದಿಲ್ಲ. ಚಿಪ್ ತಯಾರಿಸುವವರು ವಿಂಡೋಸ್‌ಗೂ ಲಿನಕ್ಸ್‌ಗೂ ಡ್ರೈವರ್ ಬರೆದು ಕೊಡುತ್ತಾರೆ. ಫ್ರೀಬಿಎಸ್‌ಡಿಯ ಸರದಿ ಬರುವ ಹೊತ್ತಿಗೆ ಆ ಚಿಪ್ ಅರ್ಧ ಹಳತಾಗಿರುತ್ತದೆ.

ಬೆಂಗಳೂರಿನ ಎಸ್‌ಪಿ ರಸ್ತೆಯ ಪಕ್ಕದಲ್ಲಿದ್ದರೆ ನಾಲ್ಕು ಕಾರ್ಡ್ ಹಾಕಿ ನೋಡಿ, ಕೆಲಸ ಮಾಡಿದ್ದನ್ನು ಇಟ್ಟುಕೊಳ್ಳಬಹುದು. ಕೊಡಗಿನ ನಾಪೋಕ್ಲು, ಶ್ರೀಮಂಗಲ, ಶನಿವಾರಸಂತೆಯಲ್ಲಿ ಕೂತವರಿಗೆ ಆ ಸೌಕರ್ಯವಿಲ್ಲ. ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪದ ಅಂಗಡಿಗಳಲ್ಲಿ ಯುಎಸ್‌ಬಿ ಡಾಂಗಲ್ ಸಿಗುತ್ತದೆ, ಆದರೆ ಅದರೊಳಗೆ ಯಾವ ಚಿಪ್ ಇದೆ ಎಂದು ಕೇಳಿದರೆ ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಕಾರ್ಡ್ ಬೇಕೆಂದರೆ ಮೈಸೂರು ಅಥವಾ ಕೊರಿಯರ್. ಹಾಗಾಗಿ ಈ ಹೋಲಿಕೆಯಲ್ಲಿ ವೇಗ, ಬೆಲೆಗಿಂತ ದೊಡ್ಡ ಅಳತೆಗೋಲು ಒಂದೇ: ತರಿಸಿದ್ದು ಮೊದಲ ಸಲಕ್ಕೇ ಕೆಲಸ ಮಾಡುತ್ತದೆಯೇ?

ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಒಂದೇ ಮೇಜಿನ ಮೇಲೆ ಕೂರುವ ಯಂತ್ರಕ್ಕೆ ಪುಟ್ಟ ರೂಟರ್ ಮತ್ತು ಕೇಬಲ್. ಕೈಯಲ್ಲಿ ಹಿಡಿದು ಓಡಾಡುವ ಲ್ಯಾಪ್‌ಟಾಪಿಗೆ, ಕಾರ್ಡ್ ಬಿಚ್ಚಲು ಬರುವಂತಿದ್ದರೆ, ಇಂಟೆಲ್ ಕಾರ್ಡ್. ಬಿಚ್ಚಲು ಬಾರದಿದ್ದರೆ ಚಿಪ್ ಖಚಿತವಾಗಿ ಗೊತ್ತಿರುವ ಡಾಂಗಲ್. ಈ ಮೂರಕ್ಕೂ ಮುಂಚೆ, ಇವತ್ತಿನ ರಾತ್ರಿಯ ಕೆಲಸಕ್ಕೆ, ಮೊಬೈಲ್ ಮತ್ತು ಅದರ ಯುಎಸ್‌ಬಿ ಕೇಬಲ್.

ಮೊದಲು ಚಿಪ್ ಯಾವುದೆಂದು ನೋಡಿ

ಪೊಟ್ಟಣದ ಮೇಲಿನ ಹೆಸರು, ಲ್ಯಾಪ್‌ಟಾಪಿನ ಸ್ಟಿಕ್ಕರ್ ಯಾವುದನ್ನೂ ನಂಬಬೇಡಿ. ಟರ್ಮಿನಲ್‌ನಲ್ಲಿ ‘ಪಿಸಿಐಕಾನ್ಫ್ -ಎಲ್‌ವಿ’ ಎಂಬ ಆದೇಶ ಕೊಡಿ. (ಆದೇಶಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ, ಟೈಪಿಸುವಾಗ ಇಂಗ್ಲಿಷಿನ ಸಣ್ಣಕ್ಷರ.) ಉದ್ದ ಪಟ್ಟಿಯಲ್ಲಿ ‘ನೆಟ್‌ವರ್ಕ್’ ವರ್ಗದ ಸಾಲುಗಳನ್ನು ಹುಡುಕಿ. ಸಾಲಿನ ಆರಂಭದಲ್ಲಿ ‘ಐಡಬ್ಲ್ಯುಎಲ್‌ವೈಫೈ0’, ‘ಐಡಬ್ಲ್ಯುಎನ್0’, ‘ಎಟಿಎಚ್0’ ಎಂಬಂಥ ಹೆಸರಿದ್ದರೆ ಡ್ರೈವರ್ ಕಾರ್ಡನ್ನು ಹಿಡಿದಿದೆ. ‘ನನ್0’ ಎಂದಿದ್ದರೆ ಕಾರ್ಡ್ ಕಾಣುತ್ತಿದೆ, ಆದರೆ ಅದಕ್ಕೆ ಯಾರೂ ದಿಕ್ಕಿಲ್ಲ.

ಅದೇ ಸಾಲಿನಲ್ಲಿ ತಯಾರಕರ ಸಂಖ್ಯೆ, ಸಾಧನದ ಸಂಖ್ಯೆ ಎಂದು ನಾಲ್ಕು ನಾಲ್ಕು ಅಂಕಿಗಳಿರುತ್ತವೆ. ತಯಾರಕರ ಸಂಖ್ಯೆ 8086 ಎಂದರೆ ಇಂಟೆಲ್, 168ಸಿ ಎಂದರೆ ಅಥೆರೋಸ್ ಅಥವಾ ಕ್ವಾಲ್‌ಕಾಮ್, 10ಇಸಿ ಎಂದರೆ ರಿಯಲ್‌ಟೆಕ್, 14ಇ4 ಎಂದರೆ ಬ್ರಾಡ್‌ಕಾಮ್, 14ಸಿ3 ಎಂದರೆ ಮೀಡಿಯಾಟೆಕ್. ಸಾಧನದ ಸಂಖ್ಯೆ ಇನ್ನೂ ಖಚಿತ: ಇಂಟೆಲ್ 2723 ಎಂದರೆ ಎಎಕ್ಸ್200, 2725 ಎಂದರೆ ಎಎಕ್ಸ್210, 24ಎಫ್‌ಡಿ ಎಂದರೆ 8265. ಡಾಂಗಲ್ ಆದರೆ ‘ಯುಎಸ್‌ಬಿಕಾನ್ಫಿಗ್’ ಆದೇಶದಿಂದ ಅದರ ‘ಯುಜೆನ್’ ಸಂಖ್ಯೆ ನೋಡಿ (ಇಲ್ಲಿ 0.3 ಎಂದಿಟ್ಟುಕೊಳ್ಳಿ), ‘ಯುಎಸ್‌ಬಿಕಾನ್ಫಿಗ್ -ಡಿ ಯುಜೆನ್0.3 ಡಂಪ್_ಡಿವೈಸ್_ಡೆಸ್ಕ್’ ಎಂದು ಕೇಳಿದರೆ ಸಂಖ್ಯೆ ಸಿಗುತ್ತದೆ.

ಇಲ್ಲೊಂದು ಗುಂಡಿ ಇದೆ, ಹೊಸಬರು ತಪ್ಪದೆ ಬೀಳುತ್ತಾರೆ. ಡ್ರೈವರ್ ಹಿಡಿದಿದ್ದರೂ ‘ಐಎಫ್‌ಕಾನ್ಫಿಗ್’ ಪಟ್ಟಿಯಲ್ಲಿ ವೈಫೈ ಕಾಣುವುದಿಲ್ಲ. ಫ್ರೀಬಿಎಸ್‌ಡಿ 8ರಿಂದ ಈಚೆಗೆ ಕಾರ್ಡಿನ ಮೇಲೆ ‘ಡಬ್ಲ್ಯುಲ್ಯಾನ್0’ ಎಂಬ ಇನ್ನೊಂದು ಸಾಧನವನ್ನು ನಾವೇ ಹುಟ್ಟಿಸಬೇಕು. ‘ಸಿಸ್‌ಸಿಟಿಎಲ್ ನೆಟ್.ಡಬ್ಲ್ಯುಲ್ಯಾನ್.ಡಿವೈಸಸ್’ ಎಂದು ಕೇಳಿ; ಅಲ್ಲಿ ಹೆಸರು ಬಂದರೆ ಹೊಸ ಯಂತ್ರಾಂಶ ಕೊಳ್ಳುವ ಅಗತ್ಯವೇ ಇಲ್ಲ, ಮುಂದೆ ಹೇಳುವ ಕೆಲವು ಸಾಲಿನ ಸಂರಚನೆ ಸಾಕು. ಹಳೆಯ ಥಿಂಕ್‌ಪ್ಯಾಡ್‌ಗಳಲ್ಲಿ ಬದಿಗೆ ಜಾರುವ ಒಂದು ವೈಫೈ ಸ್ವಿಚ್ ಕೂಡ ಇರುತ್ತದೆ. ಅದನ್ನು ಜಾರಿಸಿ ನೋಡದೆ ಕಾರ್ಡ್ ತರಿಸಬೇಡಿ.

ಇವತ್ತಿನ ಮಟ್ಟಿಗೆ ಮೊಬೈಲ್

ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ‘ಯುಎಸ್‌ಬಿ ಟೆದರಿಂಗ್’ ಒತ್ತಿ. ಸಾಮಾನ್ಯವಾಗಿ ‘ಯುಇ0’ ಎಂಬ ಸಾಧನ ತಾನಾಗಿ ಮೂಡುತ್ತದೆ. ಮೂಡದಿದ್ದರೆ ‘ಕೆಎಲ್‌ಡಿಲೋಡ್ ಐಎಫ್_ಯುಆರ್‌ಎನ್‌ಡಿಐಎಸ್’. ಕೆಲವು ಹೊಸ ಫೋನ್‌ಗಳಿಗೆ ಅದರ ಬದಲು ‘ಐಎಫ್_ಸಿಡಿಸಿಇ’. ನಂತರ ‘ಡಿಎಚ್‌ಕ್ಲೈಂಟ್ ಯುಇ0’. ಐಫೋನ್ ಆದರೆ ‘ಐಎಫ್_ಐಪಿಎಚ್‌ಇಟಿಎಚ್’ ಮಾಡ್ಯೂಲ್ ಜೊತೆಗೆ ‘ಯುಎಸ್‌ಬಿಮಕ್ಸ್‌ಡಿ’ ಎಂಬ ಪ್ಯಾಕೇಜೂ ಬೇಕು. ಅದನ್ನು ಇಳಿಸಲು ಇಂಟರ್ನೆಟ್ ಬೇಕಾದ್ದರಿಂದ ಮೊದಲ ದಿನಕ್ಕೆ ಆಂಡ್ರಾಯ್ಡೇ ವಾಸಿ.

ಹೆಚ್ಚಿನವರು ಗಮನಿಸದ ಒಂದು ಸಂಗತಿ: ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳು ಮನೆಯ ವೈಫೈಗೆ ಸೇರಿಕೊಂಡಿದ್ದಾಗ ಟೆದರಿಂಗ್ ಮಾಡಿದರೆ, ಮೊಬೈಲ್ ಡೇಟಾ ಮುಟ್ಟದೆ ಆ ವೈಫೈಯನ್ನೇ ಕೇಬಲ್ ಮೂಲಕ ಲ್ಯಾಪ್‌ಟಾಪಿಗೆ ದಾಟಿಸುತ್ತವೆ. ಅಂದರೆ ಟವರ್ ಸಿಗ್ನಲ್ ಒಂದು ಕಡ್ಡಿಯೂ ಇಲ್ಲದ ತೋಟದ ಮನೆಯಲ್ಲೂ, ಫೈಬರ್ ಸಂಪರ್ಕ ಇದ್ದರೆ, ಫೋನೇ ಡಾಂಗಲ್ ಆಗುತ್ತದೆ. ಕೇಬಲ್ ಕಿತ್ತು ಮತ್ತೆ ಹಾಕಿದಾಗ ಟೆದರಿಂಗ್ ಆರಿಹೋಗಿರುತ್ತದೆ, ಪ್ರತಿ ಸಲ ಒತ್ತಬೇಕು. ಚಾರ್ಜಿಂಗಿಗೆ ಮಾತ್ರ ಎಂದು ಬರುವ ಅಗ್ಗದ ಕೇಬಲ್‌ನಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಏನೂ ಮೂಡದಿದ್ದರೆ ಮೊದಲು ಕೇಬಲ್ ಬದಲಿಸಿ.

ಇದನ್ನು ಕಾಯಂ ವ್ಯವಸ್ಥೆ ಎಂದು ನಾವು ಹೇಳುವುದಿಲ್ಲ. ಆದರೆ ಮುಂದಿನ ಎಲ್ಲ ದಾರಿಗಳಿಗೂ ಇದೇ ಬಾಗಿಲು, ಯಾಕೆಂದರೆ ಫರ್ಮ್‌ವೇರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಫರ್ಮ್‌ವೇರ್ ಬೇಕು. ಟೆದರಿಂಗ್ ಸಿಕ್ಕ ಕೂಡಲೇ ‘ಎಫ್‌ಡಬ್ಲ್ಯುಗೆಟ್’ ಓಡಿಸಿ. ಫ್ರೀಬಿಎಸ್‌ಡಿ 14ರಲ್ಲಿ ಬಂದ ಈ ಸಾಧನ ನಿಮ್ಮ ಯಂತ್ರದಲ್ಲಿರುವ ಚಿಪ್‌ಗಳನ್ನು ನೋಡಿ ಬೇಕಾದ ಫರ್ಮ್‌ವೇರ್ ಪ್ಯಾಕೇಜನ್ನು ತಾನೇ ಆರಿಸಿ ಹಾಕುತ್ತದೆ. ಅದೂ ಆಗದಿದ್ದರೆ ಇನ್ನೊಂದು ಕಂಪ್ಯೂಟರಿನಲ್ಲಿ ಪ್ಯಾಕೇಜ್ ಕಡತ ಇಳಿಸಿ, ಫ್ಯಾಟ್32 ಪೆನ್‌ಡ್ರೈವ್‌ನಲ್ಲಿ ತಂದು ‘ಪಿಕೆಜಿ ಆ್ಯಡ್’ ಮಾಡಿ. ಆ ಪ್ಯಾಕೇಜ್ ನಿಮ್ಮ ಆವೃತ್ತಿಯದ್ದೇ ಆಗಿರಲಿ. 15ರದ್ದನ್ನು 14ಕ್ಕೆ ತುರುಕಿದರೆ ಹಿಡಿಯುವುದಿಲ್ಲ.

ಕಾರ್ಡ್ ಬದಲಿಸುವುದು

ತರಿಸಿ ಹಾಕಲು ಯೋಗ್ಯವಾದವು ಎರಡೇ ಕುಲ.

ಒಂದು, ಇಂಟೆಲ್. 2022ರಲ್ಲಿ ಬಂದ ಫ್ರೀಬಿಎಸ್‌ಡಿ 13.1ರಿಂದ ‘ಐಡಬ್ಲ್ಯುಎಲ್‌ವೈಫೈ’ ಎಂಬ ಡ್ರೈವರ್ ಇದೆ. ಇದು ಲಿನಕ್ಸ್‌ಗೆ ಬರೆದ ಡ್ರೈವರನ್ನೇ ನಡುವೆ ಒಂದು ಪದರ ಹಾಕಿ ಓಡಿಸುವ ಏರ್ಪಾಡು. ಮೊದಲೆಲ್ಲ ಇದರ ಮೇಲೆ ಹಳೆಯ 54 ಎಂಬಿಪಿಎಸ್ ದರಗಳಷ್ಟೇ ಸಿಗುತ್ತಿದ್ದವು, ಕೈಗೆ ಬರುತ್ತಿದ್ದದ್ದು ಇಪ್ಪತ್ತರ ಆಸುಪಾಸು. 2025ರ 14.3ರಲ್ಲಿ 802.11ಎನ್ ಮತ್ತು 802.11ಎಸಿ ಎಂಬ ಹೆಚ್ಚು ವೇಗದ ವೈಫೈ ತಲೆಮಾರುಗಳ ಬೆಂಬಲ ಬಂದ ಮೇಲೆ ಚಿತ್ರವೇ ಬದಲಾಯಿತು. ಆದ್ದರಿಂದ ಮೊದಲ ಸಲಹೆ ದುಡ್ಡಿಲ್ಲದ್ದು: ಯಂತ್ರದಲ್ಲಿ ಇಂಟೆಲ್ ಕಾರ್ಡ್ ಈಗಾಗಲೇ ಇದ್ದು ವೇಗ ಸಾಲದಿದ್ದರೆ, ಕಾರ್ಡಲ್ಲ, ಆವೃತ್ತಿ ಬದಲಿಸಿ.

ಎರಡು, ಹಳೆಯ ಅಥೆರೋಸ್. ಎಆರ್9280, ಎಆರ್9285, ಎಆರ್9380, ಎಆರ್9485 ಮೊದಲಾದವು ‘ಎಟಿಎಚ್’ ಡ್ರೈವರ್‌ನ ಕೆಳಗೆ ಬರುತ್ತವೆ. ಇವಕ್ಕೆ ಫರ್ಮ್‌ವೇರ್ ಕಡತವೇ ಬೇಡ, ಹಾಕಿದ ಕೂಡಲೇ ಏಳುತ್ತವೆ. ಹಾಟ್‌ಸ್ಪಾಟ್ ಆಗಿಯೂ ನಿಲ್ಲುತ್ತವೆ. ವೇಗ 802.11ಎನ್ ವರೆಗೆ ಮಾತ್ರ. ಸಣ್ಣ ಸರ್ವರ್ ಮಾಡಲು ಹೊರಟವರಿಗೆ ಇದಕ್ಕಿಂತ ಸ್ಥಿರವಾದದ್ದು ನಮಗೆ ಗೊತ್ತಿಲ್ಲ. ಅದೇ ಮನೆತನದ ಮುಂದಿನ ತಲೆಮಾರು, ಅಂದರೆ ಕ್ಯೂಸಿಎ6174, ಕ್ಯೂಸಿಎ9377, ಈ ಡ್ರೈವರ್‌ಗೆ ಸೇರಿದ್ದಲ್ಲ. ಹೆಸರು ನೋಡಿ ಮೋಸಹೋಗಬೇಡಿ.

ಇಂಟೆಲ್‌ನೊಳಗೆ ಆರಿಸುವಾಗ ಒಂದೇ ಅಂಕಿ ವ್ಯತ್ಯಾಸದಲ್ಲಿ ದುಡ್ಡು ಕಳೆದುಕೊಳ್ಳುವ ಸಾಧ್ಯತೆ ಇದೆ. ಎಎಕ್ಸ್200, ಎಎಕ್ಸ್210, 9260 ಇವು ಸ್ವತಂತ್ರ ಕಾರ್ಡುಗಳು, ಯಾವ ಎಂ.2 ಇ-ಕೀ ಕಿಂಡಿಗೂ ಕೂರುತ್ತವೆ. ಎಎಕ್ಸ್201, ಎಎಕ್ಸ್211, 9560 ಹಾಗಲ್ಲ. ಇವುಗಳ ಅರ್ಧ ಮಿದುಳು ಇಂಟೆಲ್ ಚಿಪ್‌ಸೆಟ್‌ನೊಳಗೇ ಇರುತ್ತದೆ. ಹೊಂದುವ ಚಿಪ್‌ಸೆಟ್ ಇಲ್ಲದ ಯಂತ್ರಕ್ಕೆ, ಎಎಂಡಿ ಲ್ಯಾಪ್‌ಟಾಪ್‌ಗೆ ಅಂತೂ ಖಂಡಿತ, ಹಾಕಿದರೆ ಪಿಸಿಐ ಪಟ್ಟಿಯಲ್ಲಿ ಹೆಸರೂ ಕಾಣುವುದಿಲ್ಲ. ಬಿಡಿಭಾಗ ಮಾರುವವರು ಎರಡನ್ನೂ ಒಂದೇ ಚಿತ್ರ ಹಾಕಿ ಮಾರುತ್ತಾರೆ. ನಮ್ಮ ಆಯ್ಕೆ ಎಎಕ್ಸ್200 ಅಥವಾ ಎಎಕ್ಸ್210.

ತರಿಸುವ ಮುಂಚೆ ತಳ ಬಿಚ್ಚಿ ನೋಡಿ. ಕಾರ್ಡ್ 22 ಮಿಲಿಮೀಟರ್ ಅಗಲ, 30 ಉದ್ದ ಇದ್ದು ಒಂದು ಸ್ಕ್ರೂನಿಂದ ಕೂತಿದ್ದರೆ ಅದು ಎಂ.2 2230, ಬದಲಿಸಬಹುದು. ಚೌಕಾಕಾರದ ಚಿಪ್ ಬೋರ್ಡಿಗೇ ಬೆಸುಗೆಯಾಗಿದ್ದರೆ ಈ ದಾರಿ ಮುಚ್ಚಿತು. ಸುಮಾರು 2013ಕ್ಕಿಂತ ಹಿಂದಿನ ಯಂತ್ರಗಳಲ್ಲಿ ಎಂ.2 ಬದಲು ಮಿನಿ ಪಿಸಿಐಇ ಇರುತ್ತದೆ. ಅದರ ಆಂಟೆನಾ ಗುಂಡಿಯ ಗಾತ್ರವೂ ಬೇರೆ, ದೊಡ್ಡದು. ಎಂ.2ನ ಎಂಎಚ್‌ಎಫ್4 ಗುಂಡಿ ಅದಕ್ಕಿಂತ ಚಿಕ್ಕದು, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಹಳೆಯ ಥಿಂಕ್‌ಪ್ಯಾಡ್ ಮತ್ತು ಕೆಲವು ಎಚ್‌ಪಿ ಯಂತ್ರಗಳ ಬಯೋಸ್ ತಾನು ಒಪ್ಪಿದ ಕಾರ್ಡ್ ಅಲ್ಲದಿದ್ದರೆ ಯಂತ್ರವನ್ನೇ ಏಳಿಸುವುದಿಲ್ಲ. ಥಿಂಕ್‌ಪ್ಯಾಡ್‌ನಲ್ಲಿ ‘1802’ ಎಂಬ ದೋಷಸಂಖ್ಯೆ ಬಂದು ನಿಲ್ಲುತ್ತದೆ. ಅಂಥ ಯಂತ್ರಕ್ಕೆ ಆ ಮಾದರಿಯ ಜೊತೆಗೇ ಮಾರಾಟವಾದ ಕಾರ್ಡ್‌ನ ಬಿಡಿಭಾಗ ಸಂಖ್ಯೆ ನೋಡಿಯೇ ತರಿಸಬೇಕು. ಎಕ್ಸ್220, ಟಿ420 ತರದ ಯಂತ್ರಗಳಲ್ಲಿ ಮೂಲದಲ್ಲೇ ಇಂಟೆಲ್ 6205 ಇದ್ದರೆ ಸುಮ್ಮನಿರಿ, ‘ಐಡಬ್ಲ್ಯುಎನ್’ ಡ್ರೈವರ್‌ನಲ್ಲಿ ಅದು 802.11ಎನ್ ಸಹಿತ ಚೆನ್ನಾಗಿ ನಡೆಯುತ್ತದೆ.

ಕೆಲಸ ಹತ್ತು ನಿಮಿಷದ್ದು. ಯಂತ್ರ ಆರಿಸಿ, ಚಾರ್ಜರ್ ಕಿತ್ತು, ಬ್ಯಾಟರಿಯ ಸಂಪರ್ಕ ತಪ್ಪಿಸಿ. ಆಂಟೆನಾದ ಎರಡು ತಂತಿಗಳನ್ನು ನೇರ ಮೇಲಕ್ಕೆ ಎತ್ತಿ, ಬದಿಗೆ ಎಳೆಯಬೇಡಿ. ಯಾವ ಬಣ್ಣದ ತಂತಿ ಯಾವ ಗುಂಡಿಯಲ್ಲಿತ್ತೆಂದು ನೋಡಿಕೊಂಡು ಹೊಸ ಕಾರ್ಡಿಗೂ ಹಾಗೆಯೇ ಹಾಕಿ. ಸ್ಕ್ರೂ ತೆಗೆದರೆ ಕಾರ್ಡ್ ತಾನಾಗಿ ಓರೆಯಾಗಿ ಏಳುತ್ತದೆ, ಹೊಸದನ್ನೂ ಹಾಗೆಯೇ ಓರೆಯಾಗಿ ತಳ್ಳಿ ಒತ್ತಿ ಬಿಗಿಯಿರಿ. ಆಂಟೆನಾ ಗುಂಡಿಯನ್ನು ಹೆಬ್ಬೆರಳಿನಿಂದ ಟಿಕ್ ಎನ್ನುವವರೆಗೆ ಒತ್ತಬೇಕು. ಇಕ್ಕಳ ಹಿಡಿದರೆ ಗುಂಡಿ ನಜ್ಜುಗುಜ್ಜು. ಈ ಜಾತಿಯ ಗುಂಡಿಗಳು ಸುಮಾರು 30 ಸಲ ಹಾಕಿ ತೆಗೆಯುವುದಕ್ಕಷ್ಟೇ ಮಾಡಿದವು, ಆಟ ಬೇಡ. ಒಂದು ತಂತಿ ಸಡಿಲವಿದ್ದರೆ ರೂಟರ್ ಪಕ್ಕದಲ್ಲಿ ಎಲ್ಲ ಸರಿ, ಮುಂದಿನ ಕೋಣೆಗೆ ಹೋದರೆ ಮಾಯ. ಜನ ಇದನ್ನು ಡ್ರೈವರ್ ದೋಷವೆಂದು ತಿಂಗಳುಗಟ್ಟಲೆ ಹುಡುಕುತ್ತಾರೆ. ಕಕ್ಕಡ ತಿಂಗಳ ತೇವದಲ್ಲಿ ಯಂತ್ರ ಬಿಚ್ಚುವುದಾದರೆ ಅಡುಗೆಮನೆಯ ಒಲೆಯ ಹತ್ತಿರದ ಒಣ ಮೇಜೇ ಒಳ್ಳೆಯದು. ಗುಂಡಿಯ ಮೇಲೆ ಹಸಿರು ಕಿಲುಬು ಕಂಡರೆ ಐಸೋಪ್ರೊಪೈಲ್ ಸ್ಪಿರಿಟ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಜೋಡಿಸಿ.

ಇನ್ನು ಸಂರಚನೆ. ‘ಆರ್‌ಸಿ.ಕಾನ್ಫ್’ ಕಡತಕ್ಕೆ ನಾಲ್ಕು ಸಾಲು: ‘ಕೆಎಲ್‌ಡಿ_ಲಿಸ್ಟ್’ನಲ್ಲಿ ‘ಐಎಫ್_ಐಡಬ್ಲ್ಯುಎಲ್‌ವೈಫೈ’, ‘ಡಬ್ಲ್ಯುಲ್ಯಾನ್ಸ್_ಐಡಬ್ಲ್ಯುಎಲ್‌ವೈಫೈ0’ ಎಂಬುದಕ್ಕೆ ‘ಡಬ್ಲ್ಯುಲ್ಯಾನ್0’, ‘ಐಎಫ್‌ಕಾನ್ಫಿಗ್_ಡಬ್ಲ್ಯುಲ್ಯಾನ್0’ ಎಂಬುದಕ್ಕೆ ‘ಡಬ್ಲ್ಯುಪಿಎ ಸಿಂಕ್‌ಡಿಎಚ್‌ಸಿಪಿ’, ‘ಕ್ರಿಯೇಟ್_ಆರ್ಗ್ಸ್_ಡಬ್ಲ್ಯುಲ್ಯಾನ್0’ ಎಂಬುದಕ್ಕೆ ‘ಕಂಟ್ರಿ ಐಎನ್’. ಕೊನೆಯ ಸಾಲನ್ನು ಹಾರಿಸಬೇಡಿ. ದೇಶ ಹೇಳದಿದ್ದರೆ ವ್ಯವಸ್ಥೆ ಅಮೆರಿಕದ ನಿಯಮ ಹಿಡಿಯುತ್ತದೆ, ಅಲ್ಲಿ ಚಾನೆಲ್ 12, 13 ಇಲ್ಲ. ನಿಮ್ಮ ರೂಟರ್ ತಾನಾಗಿ 13ಕ್ಕೆ ಹೋಗಿ ಕೂತರೆ ಫೋನಿಗೆಲ್ಲ ಕಾಣುವ ವೈಫೈ ಈ ಲ್ಯಾಪ್‌ಟಾಪಿಗೆ ಮಾತ್ರ ಕಾಣದು. ಹೆಸರು, ಗುಟ್ಟುಪದ ‘ಡಬ್ಲ್ಯುಪಿಎ_ಸಪ್ಲಿಕಂಟ್.ಕಾನ್ಫ್’ ಕಡತದಲ್ಲಿ. ರೂಟರ್ ‘ಡಬ್ಲ್ಯುಪಿಎ3 ಮಾತ್ರ’ ಎಂದಿದ್ದರೆ 14ರ ಸಾಲಿನ ಫ್ರೀಬಿಎಸ್‌ಡಿ ಸೇರಿಕೊಳ್ಳುವುದಿಲ್ಲ; ಡಬ್ಲ್ಯುಪಿಎ2, ಡಬ್ಲ್ಯುಪಿಎ3 ಮಿಶ್ರಕ್ಕೆ ಬದಲಿಸಿ.

8265, 7260 ತರದ ಕಾರ್ಡುಗಳನ್ನು ಹಳೆಯ ‘ಐಡಬ್ಲ್ಯುಎಂ’ ಡ್ರೈವರೂ ಹಿಡಿಯಬಲ್ಲದು, ಹೊಸ ‘ಐಡಬ್ಲ್ಯುಎಲ್‌ವೈಫೈ’ ಕೂಡ. ಯಾರು ಮೊದಲು ಬಂದರೋ ಅವರದ್ದು. ಹಳೆಯದರಲ್ಲಿ 802.11ಎಸಿ ಇಲ್ಲ. ಹೊಸದೇ ಬೇಕಾದರೆ ‘ಡೆವ್‌ಮ್ಯಾಚ್_ಬ್ಲಾಕ್‌ಲಿಸ್ಟ್’ನಲ್ಲಿ ‘ಐಎಫ್_ಐಡಬ್ಲ್ಯುಎಂ’ ಸೇರಿಸಿ. ಮುಚ್ಚಳ ಮುಚ್ಚಿ ತೆರೆದ ಮೇಲೆ ಸಂಪರ್ಕ ಸತ್ತಿದ್ದರೆ ‘ಸರ್ವಿಸ್ ನೆಟ್‌ಐಎಫ್ ರೀಸ್ಟಾರ್ಟ್ ಡಬ್ಲ್ಯುಲ್ಯಾನ್0’ ಎಂದರೆ ಬಹುತೇಕ ಏಳುತ್ತದೆ.

ಕಾರ್ಡ್ ರಿಯಲ್‌ಟೆಕ್ ಆಗಿದ್ದರೆ? 8821ಸಿಇ, 8822ಬಿಇ, 8822ಸಿಇಗಳಿಗೆ ‘ಆರ್‌ಟಿಡಬ್ಲ್ಯು88’ ಡ್ರೈವರ್ ಇದೆ. ಆದರೆ ಇಂಟೆಲ್‌ನಷ್ಟು ಪಳಗಿಲ್ಲ. 4 ಜಿಬಿಗಿಂತ ಹೆಚ್ಚು ಮೆಮೊರಿ ಇರುವ ಯಂತ್ರದಲ್ಲಿ ಇದು ತಡವರಿಸುವ ಹಳೆಯ ತೊಂದರೆ ಒಂದಿದೆ. ಅದರ ಮದ್ದು ಈ ಡ್ರೈವರ್‌ನ ಕೈಪಿಡಿ ಪುಟದಲ್ಲೇ ಇದೆ, ‘ಮ್ಯಾನ್ ಆರ್‌ಟಿಡಬ್ಲ್ಯು88’ ಎಂದು ಓದಿ, ‘ಲೋಡರ್.ಕಾನ್ಫ್’ಗೆ ಒಂದು ಸಾಲು ಸೇರಿಸಬೇಕು. ಇದ್ದದ್ದನ್ನು ಓಡಿಸಲು ಸರಿ, ಹೊಸದಾಗಿ ಇದನ್ನೇ ಕೊಳ್ಳುವುದು ಬೇಡ.

ಡಾಂಗಲ್

ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಹೆಚ್ಚು ಮೋಸ. ಮೋಸ ಎಂದರೆ ಯಾರೋ ಬೇಕೆಂದು ಮಾಡಿದ್ದಲ್ಲ. ತಯಾರಕರು ಅದೇ ಮಾದರಿ ಹೆಸರಿಟ್ಟು ಒಳಗಿನ ಚಿಪ್ ಬದಲಿಸುತ್ತಾರೆ. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಇದಕ್ಕೆ ಮಾದರಿ. ಅದರ 1ನೇ ಆವೃತ್ತಿಯಲ್ಲಿ ಅಥೆರೋಸ್ ಎಆರ್9271 ಇತ್ತು, 2 ಮತ್ತು 3ರಲ್ಲಿ ರಿಯಲ್‌ಟೆಕ್ 8188ಇಯು. ಲಿನಕ್ಸ್‌ನವರು 1ನೆಯದನ್ನೇ ಹುಡುಕಿ ಕೊಳ್ಳಿ ಎನ್ನುತ್ತಾರೆ. ಫ್ರೀಬಿಎಸ್‌ಡಿಯ ಸೋದರ ವ್ಯವಸ್ಥೆಯಾದ ಓಪನ್‌ಬಿಎಸ್‌ಡಿಯಲ್ಲೂ ‘ಎಟಿಎಚ್‌ಎನ್’ ಡ್ರೈವರ್‌ನಿಂದ 1ನೆಯದು ನಡೆಯುತ್ತದೆ. ಫ್ರೀಬಿಎಸ್‌ಡಿ 14ರಲ್ಲಿ ಮಾತ್ರ ಉಲ್ಟಾ: 1ಕ್ಕೆ ಡ್ರೈವರ್ ಇಲ್ಲ, 2 ಮತ್ತು 3 ‘ಆರ್‌ಟಿಡಬ್ಲ್ಯುಎನ್’ ಕೆಳಗೆ ಬರುತ್ತವೆ. ಬೇರೆ ವ್ಯವಸ್ಥೆಗೆ ಬರೆದ ಸಲಹೆ ಹಿಡಿದು ಕೊಂಡರೆ ಎತ್ತು ಏರಿಗೆ, ಕೋಣ ನೀರಿಗೆ.

ನಂಬಬಹುದಾದ ಚಿಪ್‌ಗಳು: ರಾಲಿಂಕ್ ಆರ್‌ಟಿ5370, ಸಂಖ್ಯೆ 148ಎಫ್:5370, ಡ್ರೈವರ್ ‘ರನ್’, 2.4 ಗಿಗಾಹರ್ಟ್ಸ್ ಮಾತ್ರ. ಆರ್‌ಟಿ5572, ಅದೇ ಡ್ರೈವರ್, 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ತರಂಗಪಟ್ಟಿ. ರಿಯಲ್‌ಟೆಕ್ 8188ಇಯು, 8192ಸಿಯು, 8812ಎಯು, 8821ಎಯು, ಡ್ರೈವರ್ ‘ಆರ್‌ಟಿಡಬ್ಲ್ಯುಎನ್’. ಸಣ್ಣ ಆಂಟೆನಾ ಇರುವ ಆರ್‌ಟಿ5370 ಡಾಂಗಲ್ ನಮ್ಮ ಮೊದಲ ಆಯ್ಕೆ, ಆದರೆ ಅದೇ ಪ್ಲಾಸ್ಟಿಕ್ ಚಿಪ್ಪಿನಲ್ಲಿ ಎಂಟಿ7601 ಎಂಬ ಬೇರೆ ಚಿಪ್ ತುಂಬಿ ಬರುವುದೂ ಉಂಟು. ಸಂಖ್ಯೆ 148ಎಫ್:7601 ಎಂದು ತೋರಿಸಿದರೆ ‘ರನ್’ ಅದನ್ನು ಮುಟ್ಟುವುದಿಲ್ಲ, ವಾಪಸ್ ಕಳಿಸಿ. ಅಂಗಡಿಯಲ್ಲೇ ಕೊಳ್ಳುವುದಾದರೆ ಲ್ಯಾಪ್‌ಟಾಪ್ ಜೊತೆಗೆ ಒಯ್ದು, ಚುಚ್ಚಿ, ಸಂಖ್ಯೆ ನೋಡಿ ದುಡ್ಡು ಕೊಡಿ. ಇದಕ್ಕೆ ಯಾರೂ ಬೇಡವೆನ್ನುವುದಿಲ್ಲ.

ಪೊಟ್ಟಣದ ಮೇಲೆ ‘ಡ್ರೈವರ್ ಬೇಕಿಲ್ಲ’ ಎಂದು ಬರೆದದ್ದನ್ನು ಕಂಡರೆ ದೂರ ಇರಿ. ಅದು ಚುಚ್ಚಿದಾಗ ಮೊದಲು ಸಿಡಿಯಂತೆ ನಟಿಸುತ್ತದೆ, ಸಂಖ್ಯೆ 0ಬಿಡಿಎ:1ಎ2ಬಿ ಎಂದು ತೋರಿಸುತ್ತದೆ. ಆ ಸಿಡಿಯೊಳಗಿರುವುದು ವಿಂಡೋಸ್ ಡ್ರೈವರ್. ನಟನೆ ಬಿಡಿಸಿದರೂ ಒಳಗಿರುವುದು ಸಾಮಾನ್ಯವಾಗಿ 8811ಸಿಯು ಅಥವಾ 8821ಸಿಯು. ಅದಕ್ಕೆ ಫ್ರೀಬಿಎಸ್‌ಡಿ 14ರಲ್ಲಿ ಡ್ರೈವರ್ ಇಲ್ಲ. ವಿಂಡೋಸ್ ಡ್ರೈವರನ್ನೇ ಪರಿವರ್ತಿಸಿ ಹಾಕುವ ‘ಎನ್‌ಡಿಐಎಸ್’ ಎಂಬ ಉಪಾಯ ಹಳೆಯ ಬರಹಗಳಲ್ಲಿ ಇನ್ನೂ ಕಾಣುತ್ತದೆ. 14ರಲ್ಲಿ ಅದನ್ನು ತೆಗೆದುಹಾಕಲಾಗಿದೆ, ಹುಡುಕಿ ಹೊತ್ತು ಕಳೆಯಬೇಡಿ.

ಡಾಂಗಲ್‌ನ ಒಂದು ಗುಣ ಮಾತ್ರ ಕಾರ್ಡಿಗಿಲ್ಲ: ಅದನ್ನು ಸಿಗ್ನಲ್ ಇರುವ ಜಾಗಕ್ಕೆ ಒಯ್ಯಬಹುದು. 1ರಿಂದ 3 ಮೀಟರ್‌ನ ಯುಎಸ್‌ಬಿ ಎಕ್ಸ್‌ಟೆನ್ಷನ್ ಹಾಕಿ ಕಿಟಕಿಯ ಹತ್ತಿರ ನೇತುಹಾಕಿ. 5 ಮೀಟರ್ ದಾಟಿದರೆ ಸಾದಾ ಕೇಬಲ್ ಕೈಕೊಡುತ್ತದೆ. ಯುಎಸ್‌ಬಿ 3 ಪೋರ್ಟ್‌ಗಳು 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುವುದರಿಂದ ಕೂಡ ಎಕ್ಸ್‌ಟೆನ್ಷನ್ ಒಳ್ಳೆಯದು. ವಿದ್ಯುತ್ ಪೂರೈಕೆ ಇಲ್ಲದ ಹಬ್‌ಗೆ ಡಾಂಗಲ್, ಹಾರ್ಡ್‌ಡಿಸ್ಕ್ ಎರಡನ್ನೂ ಚುಚ್ಚಿದರೆ ಡಾಂಗಲ್ ಆಗಾಗ ಬಿದ್ದು ಏಳುತ್ತದೆ.

ಪುಟ್ಟ ರೂಟರ್

ಡ್ರೈವರ್ ಜಗಳವನ್ನೇ ಬಿಟ್ಟುಬಿಡುವ ದಾರಿ ಇದು. ಅಂಗೈ ಅಗಲದ ಪ್ರಯಾಣದ ರೂಟರ್, ಉದಾಹರಣೆಗೆ ಟಿಪಿ-ಲಿಂಕ್ ಟಿಎಲ್-ಡಬ್ಲ್ಯುಆರ್802ಎನ್, ‘ಕ್ಲೈಂಟ್’ ಸ್ಥಿತಿಯಲ್ಲಿ ಮನೆಯ ವೈಫೈಗೆ ತಾನೇ ಸೇರಿಕೊಂಡು ಅದನ್ನು ಕೇಬಲ್ ಮೂಲಕ ಹೊರಗೆ ಕೊಡುತ್ತದೆ. ಲ್ಯಾಪ್‌ಟಾಪಿಗೆ ಅದು ಬರಿಯ ಈಥರ್ನೆಟ್. ಫ್ರೀಬಿಎಸ್‌ಡಿಯ ಈಥರ್ನೆಟ್ ಬೆಂಬಲದ ಬಗ್ಗೆ ಯಾರೂ ದೂರುವುದಿಲ್ಲ. ಇಂಟೆಲ್‌ಗೆ ‘ಇಎಂ’, ರಿಯಲ್‌ಟೆಕ್‌ಗೆ ‘ಆರ್‌ಇ’, ಎಲ್ಲ ತಾನಾಗಿ. ಲ್ಯಾಪ್‌ಟಾಪಿನಲ್ಲಿ ಈಥರ್ನೆಟ್ ಕಿಂಡಿ ಇಲ್ಲದಿದ್ದರೆ ಎಎಕ್ಸ್88179 ಅಥವಾ ಆರ್‌ಟಿಎಲ್8153 ಚಿಪ್‌ನ ಯುಎಸ್‌ಬಿ ಅಡಾಪ್ಟರ್ ಸಾಕು. ಇಲ್ಲಿ ಚಿಪ್ ಬದಲಾಗಿ ಬಂದರೂ ಅಪಾಯ ಕಡಿಮೆ.

ಹೊಂದಿಸುವುದು ಫೋನಿನಿಂದಲೇ: ರೂಟರ್‌ನ ಸ್ಟಿಕ್ಕರ್ ಮೇಲಿನ ಹೆಸರಿಗೆ ಸೇರಿ, ಅದರ ಪುಟ ತೆರೆದು, ಕ್ಲೈಂಟ್ ಆರಿಸಿ, ಮನೆಯ ವೈಫೈ ಹೆಸರು ಗುಟ್ಟುಪದ ಕೊಟ್ಟು, ಮರುಪ್ರಾರಂಭ. ಲ್ಯಾಪ್‌ಟಾಪಿನಲ್ಲಿ ಒಂದೇ ಸಾಲು, ಆ ಈಥರ್ನೆಟ್‌ಗೆ ‘ಡಿಎಚ್‌ಸಿಪಿ’. ಈ ರೂಟರ್‌ಗೆ 5 ವೋಲ್ಟ್, 1 ಆಂಪಿಯರ್ ಬೇಕು. ಹಳೆಯ ಲ್ಯಾಪ್‌ಟಾಪಿನ ಯುಎಸ್‌ಬಿ 2 ಕಿಂಡಿ ಅರ್ಧ ಆಂಪಿಯರ್ ಮಾತ್ರ ಕೊಡುವುದರಿಂದ ಅಲ್ಲಿಗೆ ಚುಚ್ಚಿದರೆ ಸುಮ್ಮನೆ ಮತ್ತೆ ಮತ್ತೆ ಆರಿ ಹೊತ್ತುತ್ತದೆ. ಮೊಬೈಲ್ ಚಾರ್ಜರ್ ಬಳಸಿ; ಮರ ಬಿದ್ದು ಕರೆಂಟ್ ಹೋದ ರಾತ್ರಿ ಪವರ್‌ಬ್ಯಾಂಕ್.

ಕೊಡಗಿನ ಮನೆಗಳಿಗೆ ಇದು ಒಗ್ಗಲು ಇನ್ನೊಂದು ಕಾರಣ ಗೋಡೆ. ಹಳೆಯ ಐನ್‌ಮನೆಗಳ ದಪ್ಪ ಮಣ್ಣಿನ ಗೋಡೆ, ಹೆಂಚಿನ ಕೆಳಗಿನ ಹಲಗೆಯ ಮುಚ್ಚಿಗೆ, ಕಿಟಕಿಗೆ ಹೊಡೆದ ಲೋಹದ ಸೊಳ್ಳೆಜಾಲರಿ, ಗೋದಾಮಿನ ತಗಡು, ಇವೆಲ್ಲ ಸಿಗ್ನಲ್ ನುಂಗುತ್ತವೆ. 5 ಗಿಗಾಹರ್ಟ್ಸ್ ಎರಡು ಗೋಡೆ ದಾಟುವುದೇ ಕಷ್ಟ, 2.4 ಹೇಗೋ ತೆವಳುತ್ತದೆ. ನೆಂದ ಕಾಫಿ ಎಲೆಗಳ ನಡುವಿನಿಂದ ಕಣದ ಆಚೆಗಿನ ಆಫೀಸಿಗೆ ಸಿಗ್ನಲ್ ಬೇಸಿಗೆಯಲ್ಲಿ ತಲುಪಿ ಮಳೆಗಾಲದಲ್ಲಿ ತಲುಪದಿರುವುದೂ ಇದಕ್ಕೇ. ಹಾಗಾಗಿ ಎಎಕ್ಸ್210 ಹಾಕಿದರೂ ಗೋಡೆಯ ಹಿಂದೆ ಅದು ಎಎಕ್ಸ್210 ಆಗಿ ಉಳಿಯುವುದಿಲ್ಲ. ಪುಟ್ಟ ರೂಟರನ್ನು ಬಾಗಿಲ ಪಡಿಯ ಮೇಲೋ ಅಟ್ಟದ ಅಂಚಿಗೋ ಇಟ್ಟು ಅಲ್ಲಿಂದ ಕೇಬಲ್ ಇಳಿಸಿ. ಒಂದೇ ಕಟ್ಟಡದೊಳಗೆ 100 ಮೀಟರ್‌ವರೆಗೂ ಎಳೆಯಬಹುದು. ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ಕೇಬಲ್ ಎಳೆಯಬೇಡಿ: ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರ ಸಿಡಿಲು ಬಿದ್ದರೆ ಆ ತಂತಿಯ ಎರಡೂ ತುದಿಯ ಸಾಧನಗಳು ಹೋಗುತ್ತವೆ.

ಕೊರತೆ ಏನೆಂದರೆ, ಟಿಎಲ್-ಡಬ್ಲ್ಯುಆರ್802ಎನ್ 2.4 ಗಿಗಾಹರ್ಟ್ಸ್ ಮಾತ್ರ ಬಲ್ಲದು, ಅದರ ಕೇಬಲ್ ಕಿಂಡಿ 100 ಎಂಬಿಪಿಎಸ್‌ನದು. ಮನೆಗೆ ಬರುವ ಸಂಪರ್ಕ ಅದಕ್ಕಿಂತ ವೇಗದ್ದಾಗಿದ್ದರೆ ಎರಡು ಪಟ್ಟಿಯ, ಗಿಗಾಬಿಟ್ ಕಿಂಡಿಯ ರೂಟರ್ ನೋಡಿ. ಲ್ಯಾಪ್‌ಟಾಪ್ ಎತ್ತಿಕೊಂಡು ಜಗಲಿಗೆ ಹೋಗುವವರಿಗೂ ಇದು ಒಗ್ಗದು.

ವೈಫೈಬಾಕ್ಸ್

ಬ್ರಾಡ್‌ಕಾಮ್ ಚಿಪ್ ಬೆಸುಗೆಯಾಗಿ ಕೂತ ಯಂತ್ರ, ಮೀಡಿಯಾಟೆಕ್‌ನ ಹೊಸ ಕಾರ್ಡ್, ಇಂಥವಕ್ಕೆ ಉಳಿಯುವುದು ‘ವೈಫೈಬಾಕ್ಸ್’ ಪ್ಯಾಕೇಜ್. ಇದು ಫ್ರೀಬಿಎಸ್‌ಡಿಯ ಒಳಗೆ ಬಿಹೈವ್ ಎಂಬ ವರ್ಚುವಲ್ ಯಂತ್ರದ ಏರ್ಪಾಡು ಬಳಸಿ ಪುಟ್ಟ ಆಲ್ಪೈನ್ ಲಿನಕ್ಸ್ ಅನ್ನು ಓಡಿಸಿ, ಕಾರ್ಡನ್ನು ಆ ಲಿನಕ್ಸ್‌ನ ಕೈಗೆ ಒಪ್ಪಿಸುತ್ತದೆ. ಲಿನಕ್ಸ್ ವೈಫೈ ಹಿಡಿದು ಫ್ರೀಬಿಎಸ್‌ಡಿಗೆ ದಾಟಿಸುತ್ತದೆ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆ, ಆದರೆ ಬರುವುದಂತೂ ನಿಜ, ವೇಗವೂ ಲಿನಕ್ಸ್‌ನದ್ದೇ.

ಬಯೋಸ್‌ನಲ್ಲಿ, ಕಾರ್ಡನ್ನು ಹೀಗೆ ಒಪ್ಪಿಸಲು ಬೇಕಾದ ವಿಟಿ-ಡಿ ಸೌಲಭ್ಯ ಇರಬೇಕು, ಎಎಂಡಿ ಯಂತ್ರವಾದರೆ ಅದರ ಎಎಂಡಿ-ವಿಐ. ಇಲ್ಲದಿದ್ದರೆ ಮುಂದೆ ಓದುವುದು ಬೇಡ. ಇದ್ದರೆ ಪ್ಯಾಕೇಜ್ ಹಾಕಿ, ಅದರ ‘ಬಿಹೈವ್.ಕಾನ್ಫ್’ನಲ್ಲಿ ಕಾರ್ಡ್‌ನ ಪಿಸಿಐ ವಿಳಾಸ ಕೊಡಿ, ಉದಾಹರಣೆಗೆ ‘ಪಾಸ್‌ಥ್ರೂ=2/0/0’; ಆ ಮೂರು ಅಂಕಿ ‘ಪಿಸಿಐಕಾನ್ಫ್’ ಸಾಲಿನಲ್ಲೇ ಇರುತ್ತವೆ. ಫ್ರೀಬಿಎಸ್‌ಡಿಯ ಸ್ವಂತ ಡ್ರೈವರ್ ಆ ಕಾರ್ಡನ್ನು ಮೊದಲೇ ಹಿಡಿದಿರಬಾರದು. ‘ವೈಫೈಬಾಕ್ಸ್0’ಗೆ ‘ಸಿಂಕ್‌ಡಿಎಚ್‌ಸಿಪಿ’ ಕೊಟ್ಟು ಸೇವೆ ಆರಂಭಿಸಿ. ಬೆಲೆ: ಸದಾ ಒಂದಷ್ಟು ಮೆಮೊರಿ, ಬ್ಯಾಟರಿ, ಮತ್ತು ನಿದ್ದೆಯಿಂದ ಎದ್ದಾಗ ಸೇವೆಯನ್ನು ಮತ್ತೆ ಎಬ್ಬಿಸುವ ಕಿರಿಕಿರಿ. ಯುಎಸ್‌ಬಿ ಡಾಂಗಲ್‌ಗೆ ಈ ದಾರಿ ಆಗುವುದಿಲ್ಲ, ಬಿಹೈವ್ ಪಿಸಿಐ ಸಾಧನಗಳನ್ನಷ್ಟೇ ದಾಟಿಸುತ್ತದೆ.

ಓಪನ್‌ಬಿಎಸ್‌ಡಿ, ಹೈಕು ಹಾಕಿದವರಿಗೆ

ಓಪನ್‌ಬಿಎಸ್‌ಡಿಯಲ್ಲಿ ಎಎಕ್ಸ್200, ಎಎಕ್ಸ್210ಗಳಿಗೆ ‘ಐಡಬ್ಲ್ಯುಎಕ್ಸ್’ ಎಂಬ ಸ್ವಂತ ಡ್ರೈವರ್ ಇದೆ, ಲಿನಕ್ಸ್ ಪದರದ ಹಂಗಿಲ್ಲ. ಫರ್ಮ್‌ವೇರ್‌ಗೆ ‘ಎಫ್‌ಡಬ್ಲ್ಯು_ಅಪ್‌ಡೇಟ್’, ಇಂಟರ್ನೆಟ್ ಇಲ್ಲದಿದ್ದರೆ ಪೆನ್‌ಡ್ರೈವ್‌ನಲ್ಲಿ ತಂದು ‘-ಪಿ’ ಎಂದು ಆ ಜಾಗ ತೋರಿಸಿದರಾಯಿತು. ಬ್ಲೂಟೂತ್ ಮಾತ್ರ ಕೇಳಬೇಡಿ, ಅಲ್ಲಿ ಅದಿಲ್ಲ. ಹೈಕು ಎಂಬ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯ ವೈಫೈ ಡ್ರೈವರ್‌ಗಳು ಈ ಎರಡು ಬಿಎಸ್‌ಡಿಗಳಿಂದಲೇ ಎರವಲು ತಂದವು, ಆದ್ದರಿಂದ ಮೇಲಿನ ಇಂಟೆಲ್ ಸಲಹೆ ಅಲ್ಲಿಗೂ ಬಹುಮಟ್ಟಿಗೆ ಸಲ್ಲುತ್ತದೆ. 2022ರ ಬೀಟಾ 4ರಿಂದ ಫೋನಿನ ಯುಎಸ್‌ಬಿ ಟೆದರಿಂಗ್ ಹೈಕುವಿನಲ್ಲೂ ನಡೆಯುತ್ತದೆ.

ತರಿಸುವವರು ಈ ಮೂರನ್ನು ಚೀಟಿಯಲ್ಲಿ ಬರೆದುಕೊಳ್ಳಿ: ಈಗಿನ ಕಾರ್ಡ್‌ನ ಎಂಟು ಅಂಕಿ, ಕಿಂಡಿ ಎಂ.2 ಇ-ಕೀಯೋ ಮಿನಿ ಪಿಸಿಐಇಯೋ, ಯಂತ್ರದ ಪೂರ್ತಿ ಮಾದರಿ ಸಂಖ್ಯೆ. ಮಳೆಗಾಲದಲ್ಲಿ ಕೊರಿಯರ್ ತಡವಾದರೆ ಆಶ್ಚರ್ಯವಿಲ್ಲ. ಬಂದ ಪೊಟ್ಟಣವನ್ನು ಕೂಡಲೇ ಬಿಚ್ಚಿ ಸಂಖ್ಯೆ ತಾಳೆ ನೋಡಿ, ವಾಪಸ್ ಕಳಿಸುವ ಗಡುವು ಕೈಲ್‌ಪೊಳ್ದ್ ಹಬ್ಬಕ್ಕಾಗಿ ಕಾಯುವುದಿಲ್ಲ.